ಗ್ರೀಕ್ ಜೇನು, ಬನ್ನೂರಿನ ಕೂಸು

ಕಳೆದ ಭಾನುವಾರ ಬನ್ನೂರಿನ ಅಕ್ಕನ ಮನೆಯಲ್ಲಿ, ಮೂರು ತಿಂಗಳ ಕೂಸಿನ ಬಾಯಿಗೆ ಗ್ರೀಸ್ ದೇಶದ ಜೇನು ಮುಟ್ಟಿಸಲು ನಾನು ಪುರಾಣ ಹೇಳುತ್ತಾ ನಿಂತಿದ್ದೆ. ಭಾರೀ ಉತ್ಸಾಹದಲ್ಲಿ!

ಜೇನು ಕೊಟ್ಟವರು ನಂಜನಗೂಡಿನ ನಮ್ಮ ಪಕ್ಕದ ಮನೆಯ ಮೇಷ್ಟ್ರು. ಗ್ರೀಸ್ ಟೂರ್ ಮುಗಿಸಿ ಬಂದವರು ಒಂದು ಪುಟ್ಟ ಬಾಟಲಿ ಕೈಗಿಟ್ಟರು. ಮುಚ್ಚಳ ತೆಗೆದೆ. ಅಬ್ಬಾ, ಓಮದ ಘಮ! ಅಲ್ಲಿನ ಗುಡ್ಡಗಳಲ್ಲಿ ಓಮದಂತೆ ವಾಸನೆ ಬರುವ ಗಿಡವೊಂದಿದೆಯಂತೆ, ಜೇನುಹುಳುಗಳಿಗೆ ಅದರ ಹೂವೆಂದರೆ ಪ್ರಾಣ. ಒಂದು ಚಮಚ ನೆಕ್ಕಿದ್ದೇ ತಡ, ನನಗೆ ಗ್ರೀಸ್ ಹುಚ್ಚು ಹಿಡಿಯಿತು.

ಆಮೇಲೆ ಓದಿದ್ದೇ ಓದಿದ್ದು. ಗ್ರೀಕರ ಹಳೇ ವೈದ್ಯರು ಗಾಯಕ್ಕೆ ಜೇನು ಸವರುತ್ತಿದ್ದರು. ಕೆಮ್ಮಿಗೆ ಜೇನು, ವಿನೆಗರ್ ಬೆರೆಸಿ ಕುಡಿಸುತ್ತಿದ್ದರು. ದೇವರ ನೈವೇದ್ಯಕ್ಕೂ ಜೇನಿನ ಕೇಕು (ನಮ್ಮ ಪಂಚಾಮೃತ ನೆನಪಾಯಿತೇ?). ಇವತ್ತಿಗೂ ಅಲ್ಲಿ ಗಟ್ಟಿ ಮೊಸರಿನ ಮೇಲೆ ಜೇನು ಸುರಿದು ತಿನ್ನುತ್ತಾರೆ. ಮೊಸರಿಗೆ ಉಪ್ಪಿನಕಾಯಿ ಬಿಟ್ಟು ಬೇರೇನನ್ನಾದರೂ ನಾವು ಯೋಚಿಸಿದ್ದೇವಾ?

ಈ ಹುಚ್ಚಿನಲ್ಲೇ ಬಾಟಲಿ ಹಿಡಿದು ಅಕ್ಕನ ಮೊಮ್ಮಗಳ ನಾಮಕರಣಕ್ಕೆ ಹೋದೆ. ಅಲ್ಲಿ ಆಗಲೇ ಜಟಾಪಟಿ.

"ಚಿನ್ನದ ಉಂಗುರದಲ್ಲಿ ಒಸಿ ಜೇನ್ ಮುಟ್ಸಿದ್ರೆ ಮಗೀಗೆ ಮಾತು ಚೆಂದಾಗ್ ಬತ್ತದೆ ಕಣೋ. ಇವ್ಳು ಬ್ಯಾಡ ಅಂತಾವ್ಳೆ. ನೀನಾರ ಬುದ್ಧಿ ಏಳು," ಅಂದಳು ಅಕ್ಕ.

"ಹಾಲು ಬಿಟ್ಟು ಏನೂ ಕೊಡ್ಬ್ಯಾಡಿ ಅಂದವ್ರೆ ಡಾಕ್ಟ್ರು, ಮಾವ," ಅಂದಳು ಅವಳ ಮಗಳು ಸುಮಾ. ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು.

ನನಗೆ ಇದಕ್ಕಿಂತ ಒಳ್ಳೆ ಚಾನ್ಸ್ ಬೇಕೇ? ಶುರು ಮಾಡಿದೆ. ಗ್ರೀಕರ ದೇವೇಂದ್ರ ಝ್ಯೂಸ್ ಇದ್ದಾನಲ್ಲ, ಕೂಸಾಗಿದ್ದಾಗ ಅವನನ್ನು ಗುಹೆಯಲ್ಲಿ ಬಚ್ಚಿಟ್ಟಿದ್ದರು. ಆಡಿನ ಹಾಲು, ಜೇನು, ಇಷ್ಟೇ ಆಹಾರ. ಬೆಳೆದು ಏನಾದ? ಸಿಡಿಲನ್ನೇ ಕೈಯಲ್ಲಿ ಹಿಡಿದ! ನೆಂಟರೆಲ್ಲ ತಲೆದೂಗಿದರು. ಅಕ್ಕ ಖುಷಿಯಲ್ಲಿ ಉಂಗುರವನ್ನು ಜೇನಿಗೆ ಅದ್ದಿಯೇಬಿಟ್ಟಳು.

"ಮಾವ, ಆ ದೇಸದಲ್ಲಿ ಈಗ್ಲೂ ಕೂಸ್ಗಳಿಗೆ ಕೊಡ್ತಾರಾ?" ಸುಮಾ ಕೇಳಿದಳು.

ಇದನ್ನು ನಾನು ಓದಿರಲಿಲ್ಲ. ಮೊಬೈಲ್ ತೆಗೆದೆ. ಒಂದಾದ ಮೇಲೊಂದು ಪುಟ ತೆರೆದೆ. ಎಲ್ಲ ಕಡೆ ಒಂದೇ ಮಾತು: ವರ್ಷ ತುಂಬುವವರೆಗೆ ಕೂಸಿಗೆ ಜೇನು ಬೇಡ. ಎಷ್ಟೇ ಶುದ್ಧ ಜೇನಾದರೂ ಅದರಲ್ಲಿ ಒಂದು ಬಗೆಯ ರೋಗಾಣು ಅಡಗಿರಬಹುದು. ದೊಡ್ಡವರ ಹೊಟ್ಟೆಗೆ ಅದು ಲೆಕ್ಕಕ್ಕಿಲ್ಲ. ಎಳೆಯ ಕರುಳಿನಲ್ಲಿ ಮಾತ್ರ ಬೆಳೆದು ವಿಷವಾಗಿ, ಉಸಿರಿಗೇ ಕುತ್ತು ತರಬಹುದು.

"ಅಕ್ಕಾ, ಬೇಡ, ತೆಗಿ!" ಎಂದು ಕೂಗಿದೆ. ಉಂಗುರ ಆಗಲೇ ಕೂಸಿನ ತುಟಿಯ ಹತ್ತಿರವಿತ್ತು. ಸುಮಾ ಅಂಗೈ ಅಡ್ಡ ಹಿಡಿದಿದ್ದಳು. ಜೇನೆಲ್ಲ ಅವಳ ಕೈಗೆ ಮೆತ್ತಿತು. ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಅಕ್ಕನಿಗೆ ಹೇಳಿದೆ.

"ಅಂಗಾದ್ರೆ ಆ ನಿನ್ ದೇವ್ರಿಗೆ ಏನೂ ಆಗ್ನಿಲ್ವಲ್ಲೋ?" ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು.

ಉತ್ತರ ಕೊಟ್ಟಿದ್ದು ಸುಮಾ. "ಅವ್ನು ದೇವ್ರು ಕಣವ್ವ, ಅವ್ನಿಗೆ ಸಾವಿಲ್ಲ. ಇದು ನನ್ ಕೂಸು."

"ಬಿಡ್ತು ಅನ್ನೇ!" ಅಂದಳು ಅಕ್ಕ. ಉಂಗುರವನ್ನು ಸೆರಗಿಗೆ ಒರೆಸಿಕೊಂಡು ಬೆರಳಿಗೆ ಹಾಕಿಕೊಂಡಳು. ಜೇನನ್ನು ನಾವು ದೊಡ್ಡವರು ಮೊಸರಿಗೆ ಸುರಿದುಕೊಂಡು ತಿಂದೆವು. (ಸಖತ್ತಾಗಿತ್ತು ಕಣ್ರೀ!)

ಅಲ್ಲ, ಕೂಸಿನ ಬಾಯಿ ಸಿಹಿ ಮಾಡಲು ಸಾಲುಗಟ್ಟಿ ನಿಲ್ಲುವ ನಾವು, ಹೆತ್ತವಳ ಮಾತಿಗೆ ಕಿವಿ ಕೊಡಲು ಗ್ರೀಸ್‌ತನಕ ಹೋಗಿ ಬರಬೇಕಿತ್ತಾ?