ಸೂರಿನಡಿ ತೂಗುವ ಕೆಂಪು ಸ್ಲಾಲೊಮ್

ಈಗಷ್ಟೇ ಬೆಳಕು ಹರಿಯುತ್ತಿದೆ. ಕಡಲ ದಂಡೆಯ ತಗಡಿನ ಶೆಡ್ಡಿನಲ್ಲಿ ರಿಪೇರಿ ಅಕ್ಕ ಬೋರ್ಡೊಂದನ್ನು ತೊಡೆಯ ಮೇಲೆಳೆದುಕೊಂಡು, ಕಿವಿ ಹತ್ತಿರ ತಂದು, ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಗಟ್ಟಿ ಸದ್ದು ಬಂದರೆ ಸರಿ. ಪೊಳ್ಳು ಸದ್ದು ಬಂತೋ, ಒಳಗೆ ಪದರ ಬಿಟ್ಟು ನೀರು ಕುಡಿದಿದೆ ಎಂದೇ ಲೆಕ್ಕ. ಇಲ್ಲಿ ವಿಂಡ್‌ಸರ್ಫಿಂಗ್ ಆಡುವ ಎಲ್ಲರ ಬೋರ್ಡೂ ಒಮ್ಮೆಯಾದರೂ ಈ ತೊಡೆಯೇರಿದೆ. ಗಾಳಿ ಏಳುತ್ತಲೇ ಅವರೆಲ್ಲ ಬೋರ್ಡಿಗೆ ಹಾಯಿ ಕಟ್ಟಿ ನೀರಿಗಿಳಿಯುತ್ತಾರೆ. ಅಕ್ಕ ಬಾಗಿಲಲ್ಲಿ ನಿಂತು ಆಸೆಗಣ್ಣಿಂದ ನೋಡುತ್ತಾರೆ, ಮತ್ತೆ ಒಳಬಂದು ಸ್ಯಾಂಡ್‌ಪೇಪರ್ ಹಿಡಿಯುತ್ತಾರೆ.

ಸೂರಿನಿಂದ ತೂಗುವ, ರೇಸಿನ ವೇಗಕ್ಕೆಂದೇ ಮಾಡಿದ ಕೆಂಪು ಸ್ಲಾಲೊಮ್ ಬೋರ್ಡು ಅವರದೇ. ರೇಸಿನಲ್ಲಿ ಬಿದ್ದು ಮಂಡಿ ಮುರಿದುಕೊಂಡಂದಿನಿಂದ ಅದೂ ನೀರಿಗಿಳಿದಿಲ್ಲ, ಅವರೂ ಇಳಿದಿಲ್ಲ. ಆದರೂ ದಿನಾ ಅದಕ್ಕೊಂದು ತಟ್ಟು ತಪ್ಪುವುದಿಲ್ಲ. "ಕೆಟ್ಟಿದ್ರೆ ಯಾರಿಗಾದ್ರೂ ಕೊಟ್ಟು ಕೈ ತೊಳ್ಕೋಬಹುದಿತ್ತು. ಹಾಳಾದ್ದು, ಕೆಡೋದೇ ಇಲ್ಲ" ಎಂದು ನಗುತ್ತಾರೆ.

ಸ್ಲಾಲೊಮ್ ಕೊಳ್ಳಲೋ ಫ್ರೀರೇಸ್ ಕೊಳ್ಳಲೋ ಎಂದು ಕೇಳಿಕೊಂಡು ಬರುವವರಿಗೆ ಅಕ್ಕ ಹೇಳುವುದು ಒಂದೇ ಮಾತು. "ಸ್ಲಾಲೊಮ್‌ಗೆ ಮೂಗಿನ ತುದೀಲೇ ಕೋಪ. ನೇರ ಬಿಟ್ರೆ ಅದನ್ನ ಹಿಡಿಯೋರಿಲ್ಲ. ಆದ್ರೆ ಪಾದ ಸಿಕ್ಕಿಸೋ ಕಾಲುಪಟ್ಟಿ ತುದಿ ಅಂಚಲ್ಲಿ. ಮೈಯೆಲ್ಲ ಆಚೆ ಚಾಚಿ ಒತ್ತಿ ಹಿಡೀಬೇಕು. ಅಲೆ ಎದ್ರೆ ಪ್ರತಿ ಕುಕ್ಕೂ ಮಂಡಿಗೇ. ಫ್ರೀರೇಸ್ ವೇಗದಲ್ಲಿ ಒಂದು ಹೆಜ್ಜೆ ಹಿಂದೆ, ಅಷ್ಟೆ. ಪಟ್ಟಿ ಒಳಗೆ ಸರಿಸ್ಕೋಬಹುದು, ಮಂಡಿಗೆ ಅದೇ ಒಳ್ಳೇದು. ತಿರುಗೋವಾಗ ಸಣ್ಣ ತಪ್ಪು ಮಾಡಿದ್ರೂ ಹೋಗ್ಲಿ ಬಿಡು ಅನ್ನುತ್ತೆ."

ಇಷ್ಟು ಹೇಳುವವರು ತಾವೇ ಫ್ರೀರೇಸ್ ಹತ್ತಬಹುದಲ್ಲ? ಕ್ಲಬ್ಬಿನ ಕೋಚ್ ಕೇಳಿದ್ದೂ ಅದನ್ನೇ. ಕೆಂಪು ಸ್ಲಾಲೊಮ್ ಅನ್ನು ರೇಸಿಗೆ ಸಿದ್ಧವಾಗುತ್ತಿರುವ ಹುಡುಗಿಗೆ ಕೊಟ್ಟರೆ, ಕ್ಲಬ್ಬಿನ ಹಳೆಯ ಫ್ರೀರೇಸ್ ಒಂದು ಅಕ್ಕನಿಗೆ. ಇವತ್ತೇ ಉತ್ತರ ಹೇಳಬೇಕು. ಫ್ರೀರೇಸ್ ಆದರೆ ಹತ್ತಬಹುದು ಎಂದು ಡಾಕ್ಟರೂ ಹೇಳಿದ್ದಾರೆ. ಅಕ್ಕನ ಮನಸ್ಸೇ ಒಪ್ಪುತ್ತಿಲ್ಲ. ಕೆಂಪು ಬೋರ್ಡು ಶೆಡ್ಡು ಬಿಟ್ಟರೆ, ಆ ಹಳೆಯ ವೇಗ ಇನ್ನೆಂದೂ ತನಗಿಲ್ಲ ಎಂದು ಒಪ್ಪಿಕೊಂಡಂತೆ.

ಟೀ ಫ್ಲಾಸ್ಕ್ ಹಿಡಿದು ಬಂದ ಅಮ್ಮನಿಗೆ ನೀರೆಂದರೇ ಭಯ. ಮಂಡಿ ಮುರಿದಾಗಿನಿಂದ ಮಗಳನ್ನು ನೀರಿಗಿಳಿಯಬೇಡ ಎಂದು ತಡೆಯುತ್ತ ಬಂದವರು ಅವರೂ ಹೌದು. "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ನಮ್ಮನೇಲಿ ಎತ್ತು ನಾನು" ಎಂದು ಲೋಟಕ್ಕೆ ಟೀ ಬಗ್ಗಿಸುತ್ತಾರೆ.

ಬಿಸಿಲೇರುವ ಹೊತ್ತಿಗೆ ಕೋಚ್ ಹಳದಿ ಫ್ರೀರೇಸ್ ತಂದು ಗೋಡೆಗೊರಗಿಸುತ್ತಾರೆ. ಅಕ್ಕ ಅದನ್ನೂ ತಟ್ಟಿ ನೋಡುತ್ತಾರೆ. ಗಟ್ಟಿಯಾಗಿದೆ. ಸ್ಕ್ರೂಡ್ರೈವರ್ ಹಿಡಿದು ಸ್ಟೂಲ್ ಹತ್ತಿ, ಕೆಂಪು ಬೋರ್ಡಿನಿಂದ ತಮ್ಮ ಪಾದದ ಅಳತೆಗೆ ಒಗ್ಗಿಹೋದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಕಣ್ಣು ತುಂಬಿಕೊಂಡಿದೆ. ಕೆಳಗೆ ಸ್ಟೂಲ್ ಅಲುಗದಂತೆ ಹಿಡಿದು ನಿಂತವರು ಅಮ್ಮ.

ಬಿಚ್ಚಿದ ಪಟ್ಟಿಗಳನ್ನು ಕೂರಿಸಲು ಹಳದಿ ಬೋರ್ಡಿನ ಮುಂದೆ ಕೂತ ಅಕ್ಕನ ಕೈ ಹಳೆಯ ರೂಢಿಯಂತೆ ಅಂಚಿನ ತೂತಿನತ್ತ ಹೋಗುತ್ತದೆ.

"ಅಲ್ಲಲ್ಲ ಕಣೇ, ಒಳಗಡೆ ತೂತಿಗೆ ಹಾಕು" ಎನ್ನುತ್ತಾರೆ ಅಮ್ಮ. "ಮಂಡಿಗೆ ಅದೇ ಒಳ್ಳೇದು ಅಂತ ಊರಿಗೆಲ್ಲ ಹೇಳ್ತೀಯಲ್ಲ!"

ಅಕ್ಕ ತಲೆಯೆತ್ತಿ ಅಮ್ಮನನ್ನೇ ನೋಡುತ್ತಾರೆ. ಹೊರಗೆ ಗಾಳಿ ಏಳುತ್ತಿದೆ. "ವೇಗ ಆ ಹುಡುಗಿ ಪಾಲಿಗಿರ್ಲಿ. ಒಂದೇ ಒಂದು ಸಲ ಬೀಳದೆ ತಿರುಗಿಸ್ಕೊಂಡು ದಡಕ್ಕೆ ಬರ್ತೀನಿ, ಅಷ್ಟು ಸಾಕು" ಎನ್ನುತ್ತಾರೆ. "ಆದ್ರೆ ನೀನು ಕಣ್ಣು ಮುಚ್ಕೋಬಾರ್ದಮ್ಮ."