ಬಿಸಿಲಿನ ಪಾಲು

ಮೊಳಕೈವರೆಗೆ ಮೆತ್ತಿ ಒಣಗಿದ ಅಕ್ಕಿಹಿಟ್ಟು, ತಲೆಯ ಮೇಲೆ ಒದ್ದೆ ಟವೆಲ್ಲು, ಕೈಯಲ್ಲಿ ಕಾಗೆ ಓಡಿಸುವ ಕೋಲು. ಓಣಿಯವರೆಲ್ಲ ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದ ನಮ್ಮ ಪಕ್ಕದ ಮನೆಯಾಕೆಯ ವೇಷ ಬೇಸಿಗೆ ಪೂರ್ತಿ ಇದೇ. ನವನಗರದ ಅವರ ಮಾಳಿಗೆಯ ಮೇಲೆ ಮೂರಂತಸ್ತಿನ ಕಟ್ಟಡದ ನೆರಳು ಬೀಳುತ್ತಿದ್ದುದರಿಂದ ಹಿಟ್ಟಿನ ಪಾತ್ರೆ ಹೊತ್ತು ಸೀದಾ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಕೇಳಿ ಬರುವ ಅಭ್ಯಾಸ ಅವರಿಗಿರಲಿಲ್ಲ. ಕೇಳಲಿ ಎಂದು ನಮಗೂ ಅನಿಸಿರಲಿಲ್ಲ. ಓಣಿಯಲ್ಲಿ ಯಾರ ಮಗಳು ಗಂಡನ ಮನೆಗೆ ಹೊರಟರೂ ಡಬ್ಬಿಯಲ್ಲಿ ಕಾಕುವಿನ ಸಂಡಿಗೆ ಇರಲೇಬೇಕಿತ್ತು. ಅವರ ದೊಡ್ಡಸ್ತಿಕೆಯೆಲ್ಲ ಅದರಲ್ಲೇ.

ಒಂದು ಚಳಿಗಾಲದಲ್ಲಿ ಸೋಲಾರ್ ಹಾಕಿಸಿದೆವು. ಮಾಳಿಗೆ ತುಂಬ ಪ್ಯಾನೆಲ್‌ಗಳು ಬಂದು ಕೂತವು. ಕಾಕು ಬೆರಳಿನಿಂದ ತಟ್ಟಿ ನೋಡಿ, "ಗಟ್ಟಿ ಅವ," ಎಂದು ಸರ್ಟಿಫಿಕೇಟು ಕೊಟ್ಟು ಹೋದರು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಮೊಬೈಲಿನ ಸೋಲಾರ್ ಆ್ಯಪ್ ತೆಗೆದು ನೋಡಿದರೆ, ನೆತ್ತಿ ಸುಡುವ ಬಿಸಿಲಿದ್ದರೂ ಮನೆಯಲ್ಲಿ ಕರೆಂಟು ತಯಾರಾಗುತ್ತಲೇ ಇಲ್ಲ. ಸೋಲಾರ್ ಹಾಕಿಕೊಟ್ಟ ಇಂಜಿನಿಯರನಿಗೆ ಫೋನಿನಲ್ಲೇ ನಾಲ್ಕು ಮಾತು ಬಿಗಿದು, ಅವನನ್ನು ಕರೆದುಕೊಂಡೇ ಮಾಳಿಗೆ ಹತ್ತಿದೆ. ಪ್ಯಾನೆಲ್‌ಗಳ ಮೇಲೆಲ್ಲ ಹಳೆಯ ಧೋತರ ಹಾಸಿತ್ತು. ಅದರ ಮೇಲೆ ಸಾಲು ಸಾಲು ಸಂಡಿಗೆ, ಪಕ್ಕದಲ್ಲಿ ಕೋಲು ಹಿಡಿದು ಕೂತ ಕಾಕು.

"ಏನ್ರಿ ಕಾಕು ಇದು?"

"ಇಷ್ಟು ಛಲೋ ಬಿಸಲ ಬೀಳೂ ಜಾಗಾ ಖಾಲಿ ಬಿದ್ದಿತ್ತು. ನುಣ್ಣಗ ಅದ, ಕೆಳಗಿಂದನೂ ಕಾಯ್ತದ. ಸಂಜಿಗೆ ತಕ್ಕೋತೇನಿ."

ಇಂಜಿನಿಯರ್ ಹೊಟ್ಟೆ ಹಿಡಿದು ನಕ್ಕ. ಆಮೇಲೆ, ಪ್ಯಾನೆಲ್ಲಿಗೆ ನೇರ ಬಿಸಿಲು ಬೀಳದಿದ್ದರೆ ಕರೆಂಟಿಲ್ಲ ಎಂದು ತಿಳಿಸಿ ಹೇಳಿದ. ಕಾಕುವಿನ ಮುಖ ಸಣ್ಣದಾಯಿತು.

"ಹಂಗಾರ ನನ್ನ ಸಂಡಿಗಿ ಇಲ್ಲಿಗೆ ಮುಗೀತೇನು?"

ಅವರ ದನಿ ಅಷ್ಟು ಇಳಿದದ್ದನ್ನು ನಾನು ಕೇಳಿರಲಿಲ್ಲ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅವರು ಕೋಲೆತ್ತಿ ಒಂದು ಮೂಲೆ ತೋರಿಸಿದರು.

"ನಿನ್ನ ಕರೆಂಟಿಗೂ ಬಿಸಲ ಬೇಕು, ನನಗೂ ಬೇಕು. ಪಾಲ ಮಾಡ್ಕೊಳ್ಳೋಣು. ಆ ಮೂಲ್ಯಾಗಿನ ಎರಡು ತಗಸು. ಕಾಗಿ ಹೊಲಸ ಮಾಡಿದ್ರ ನಿನಗೂ ಲುಕ್ಸಾನಲ್ಲ? ಹೆಂಗೂ ಕೋಲ ಹಿಡಕೊಂಡು ಕೂತಿರ್ತೇನಿ, ನಿನ್ನವೂ ಕಾಯ್ತೇನಿ."

ಎರಡು ಪ್ಯಾನೆಲ್ ತೆಗೆಸಿದೆವು. ಕಾಕು ಮಾತಿಗೆ ತಪ್ಪಲಿಲ್ಲ. ಸಂಡಿಗೆಯಿಲ್ಲದ ಚಳಿಗಾಲದಲ್ಲೂ ಬೆಳಿಗ್ಗೆ ಬಂದು, ಹಳೆಯ ಸೀರೆಯ ತುಂಡು ಹಿಂಡಿ ಪ್ಯಾನೆಲ್‌ಗಳನ್ನು ಒರೆಸುತ್ತಿದ್ದರು. ಯಾಕೆ ಇಷ್ಟು ತ್ರಾಸು ಎಂದರೆ, "ಮಾರಿ ತೊಳಿಸದ ಯಾರನ್ನೂ ಕೆಲಸಕ್ಕ ಹಚ್ಚಬಾರದು," ಎನ್ನುತ್ತಿದ್ದರು.

ಕಳೆದ ದೀಪಾವಳಿಯ ಹೊತ್ತಿಗೆ ಅವರನ್ನು ಸತ್ತೂರಿನ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಕೇಳಿದ್ದು ಒಂದೇ: "ಮಾಳಗಿ ಮ್ಯಾಲೆ ಯಾರಿದ್ದಾರ?"

"ನಾ ಇದ್ದೇನಿ ಕಾಕು," ಎಂದೆ. ಕಣ್ಣು ಮುಚ್ಚಿ ತಲೆಯಾಡಿಸಿದರು. ಮನೆಗೆ ಮರಳಲಿಲ್ಲ.

ಈ ಬೇಸಿಗೆಯಲ್ಲಿ ಅದೇ ಇಂಜಿನಿಯರ್ ಪ್ಯಾನೆಲ್ ತಪಾಸಣೆಗೆ ಬಂದಿದ್ದ. ಮೂಲೆ ನೋಡಿ, "ಆ ಎರಡು ವಾಪಸ್ ಹಾಕೋಣೇನ್ರಿ ಮೇಡಂ? ಜಾಗಾ ಖಾಲಿನ ಅದಲ್ರಿ," ಎಂದ.

"ಖಾಲಿ ಎಲ್ಲಿ ಅದ? ಸ್ವಲ್ಪ ಸರೀರಿ, ಧೋತರ ಹಾಸಬೇಕು," ಎಂದೆ.

ನನ್ನ ಮೊಳಕೈವರೆಗೂ ಅಕ್ಕಿಹಿಟ್ಟಿತ್ತು. ನನ್ನ ಸಂಡಿಗೆ ಅವರದರಷ್ಟು ಹಗುರಾಗುವುದಿಲ್ಲ. ಕಾಕುವಿನ ಕೋಲು ಕೈಯಲ್ಲಿರುವಾಗ ಕಾಗೆ ಮಾತ್ರ ಒಂದೂ ಬಂದು ಕೂರುವುದಿಲ್ಲ.