ಅಕ್ಕಡಿಯ ಮೇಲೆ ಬಿದ್ದ ಔಷಧ

ಆ ಮಳೆ ಹಿಡಿದದ್ದು ಭಾನುವಾರ, ಬಿಟ್ಟದ್ದು ಶುಕ್ರವಾರ ಬೆಳಿಗ್ಗೆ. ಅಷ್ಟರಲ್ಲಿ ನಮ್ಮ ಈರುಳ್ಳಿಯ ಎಲೆಗಳ ತುದಿ ಒಣಗಿ, ನೇರಳೆ ಚುಕ್ಕೆ ಬಿದ್ದಿದ್ದವು. ಇಲ್ಲಿಯವರು ಆ ರೋಗಕ್ಕೆ ಕರಪಾ ಎನ್ನುತ್ತಾರೆ. ಆ ವಾರ ನಾನು ದಿನವೂ ಸಂಜೆ ಬಾವಿಯ ಪಕ್ಕದ ಒಂದೇ ಸಾಲನ್ನು ನೋಡಿ, ಚುಕ್ಕೆ ಬಿದ್ದ ಗಿಡಗಳನ್ನು ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಸೋಮವಾರ ಮೂರು, ಬುಧವಾರ ಹದಿನೇಳು. ಶುಕ್ರವಾರ ಚುಕ್ಕೆಯಿಲ್ಲದವನ್ನು ಎಣಿಸುವುದೇ ಸುಲಭವಾಗಿತ್ತು.

ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದ ಅಪ್ಪ, ಅವ್ವ ಈಗ ಘಾಟಿನ ಮೇಲಿನ ಈ ಊರಿನಲ್ಲಿ ಹೊಲವೊಂದನ್ನು ಪಾಲಿಗೆ ಮಾಡುತ್ತಾರೆ. ಪಂಪು ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯಲು ಇಳಿದರೆ ಅಪ್ಪನ ಕಾಲು ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಅದಕ್ಕೇ, ಗ್ರಾಮ ಪಂಚಾಯತಿಯವರು ಡ್ರೋನ್ ತರಿಸಿ ಎಲ್ಲರ ಹೊಲಕ್ಕೂ ಔಷಧ ಹೊಡೆಸುತ್ತಾರೆಂದು ಗುಡಿಯ ಮೈಕಿನಲ್ಲಿ ಕೂಗಿದಾಗ ಅವನು ಉಣ್ಣುವುದನ್ನು ಬಿಟ್ಟು ಎದ್ದು ಹೆಸರು ಬರೆಸಲು ಹೋದ. ಕೃಷಿ ಸಹಾಯಕರು ಹೊಲದಲ್ಲಿ ಏನಿದೆ ಎಂದು ಕೇಳಿದರಂತೆ. ಅಪ್ಪ ಈರುಳ್ಳಿ ಎಂದನಂತೆ. ಬೇರೇನಾದರೂ ಇದೆಯೇ ಎಂದದ್ದಕ್ಕೆ, ಇಲ್ಲ ಎಂದನಂತೆ.

ಅವನ ಮಟ್ಟಿಗೆ ಅದು ಸುಳ್ಳಲ್ಲ. ನಮ್ಮ ಕಡೆ ದೊಡ್ಡ ಬೆಳೆಯ ನಡುವೆ ಅಲ್ಲಲ್ಲಿ ಬೇರೆ ಬೆಳೆಯ ಒಂದೊಂದು ಸಾಲು ಬಿತ್ತುತ್ತಾರೆ. ಅದೇ ಅಕ್ಕಡಿ. ಅದು ಮನೆಯ ಹೆಂಗಸಿನದು. ಯಾರಾದರೂ ಕೇಳಿದರೆ ಗಂಡಸರು ಹೊಲದಲ್ಲಿ ಜೋಳ ಇದೆ, ತೊಗರಿ ಇದೆ ಎನ್ನುತ್ತಾರೆಯೇ ಹೊರತು ಅಕ್ಕಡಿಯ ಹೆಸರೆತ್ತುವ ರೂಢಿಯಿಲ್ಲ. ಅವ್ವ ಈರುಳ್ಳಿಯ ನಡುವೆ ಮೆಂತ್ಯ, ಕೊತ್ತಂಬರಿ ಹಾಕಿದ್ದಳು. ಮಂಗಳವಾರ, ಶನಿವಾರ ಅದನ್ನು ಪುಣೆಯ ಬಿಬವೇವಾಡಿ ಸಂತೆಗೆ ಒಯ್ದು ಮಾರುತ್ತಿದ್ದಳು. ತನ್ನ ಸೊಪ್ಪಿಗೆ ಔಷಧ ಸೋಕಿಲ್ಲ ಎಂದು ಅವಳು ಹೇಳುತ್ತಿದ್ದಳು. ಅಲ್ಲಿನ ಹೆಂಗಸರು ಅದನ್ನು ನಂಬಿಯೇ ಬರುತ್ತಿದ್ದರು. ಅವರಲ್ಲಿ ಒಬ್ಬಾಕೆ ಬಸುರಿ ಸೊಸೆಗೆಂದು ತಪ್ಪದೆ ಒಯ್ಯುತ್ತಿದ್ದಳು.

ಡ್ರೋನ್ ನಮ್ಮ ಹೊಲಕ್ಕೆ ಬಂದದ್ದು ಶನಿವಾರ. ನಾನೂ ಅವ್ವನೂ ಸಂತೆಯಿಂದ ಮರಳುವ ಹೊತ್ತಿಗೆ ಅದು ಬಂದು ಹೋಗಿತ್ತು.

“ಒಂದು ಬೀಡಿ ಸೇದೂದ್ರಾಗ ಇಡೀ ಹೊಲ ಮುಗಿಸಿದ್ರು ನೋಡು,” ಎಂದ ಅಪ್ಪ.

ಅವ್ವ ಖಾಲಿ ಬುಟ್ಟಿಯನ್ನು ಬದುವಿನ ಮೇಲಿಟ್ಟು ಹೊಲದೊಳಗೆ ಹೋದಳು. ಮೆಂತ್ಯದ ಎಲೆ ಚಿವುಟಿ ಮೂಸಿದಳು.

“ಅಕ್ಕಡಿ ಬಿಟ್ಟು ಹೊಡೀರಿ ಅಂತ ಹೇಳಲಿಲ್ಲೇನ್ರಿ?”

“ಅಕ್ಕಡಿ ಯಾರರ ಬರಸ್ತಾರೇನು?”

“ಔಷಧಕ್ಕ ಗೊತ್ತಾಗ್ತದೇನು, ಯಾವುದು ಬೆಳಿ, ಯಾವುದು ಅಕ್ಕಡಿ?”

ನಾನು ಕೃಷಿ ಸಹಾಯಕರಿಗೆ ಫೋನ್ ಮಾಡಿದೆ. ಅವರು ಬೇಸರಪಡದೆ ಮಾತಾಡಿದರು. ಡ್ರೋನ್ ನಡುವಿನ ಸಾಲುಗಳನ್ನು ಬಿಟ್ಟು ಹೊಡೆಯಲಾರದು, ಸೊಪ್ಪಿದೆ ಎಂದು ಮೊದಲೇ ಹೇಳಿದ್ದರೆ ಕಿತ್ತುಕೊಳ್ಳಲು ಒಂದು ದಿನ ಬಿಡುತ್ತಿದ್ದೆವು ಎಂದರು. ಇನ್ನು ಎರಡು ವಾರವಾದರೂ ಅದನ್ನು ತಿನ್ನಬಾರದು, ಮಾರಬಾರದು ಎಂದರು. ಅಷ್ಟರಲ್ಲಿ ಸೊಪ್ಪು ಬಲಿತು ಹೂ ಬಿಟ್ಟಿರುತ್ತದೆ.

ಆ ಸಂಜೆಯೇ ಮತ್ತೊಂದು ಮಳೆ ಸುರಿದು ಹೋಯಿತು. ಅಪ್ಪನಿಗೆ ಅದೇ ನೆಪವಾಯಿತು. ಸೋಮವಾರ, ಸೊಪ್ಪು ಕೀಳುವ ಹೊತ್ತಿಗೆ, ಎಲ್ಲ ತೊಳೆದು ಹೋಗಿದೆ, ಸುಮ್ಮನೆ ಕಿತ್ತು ಮಾರಲು ಸೂಡು ಕಟ್ಟು ಎಂದು ಶುರುಮಾಡಿದ.

ಅವ್ವ ಅವನ ಮುಖ ನೋಡಿದಳು. “ಮೆಂತ್ಯದ ಮ್ಯಾಲಿಂದು ತೊಳದಿದ್ರ ಉಳ್ಳಾಗಡ್ಡಿ ಮ್ಯಾಲಿಂದೂ ತೊಳದದ. ಎರಡ್ರಾಗ ಒಂದು ಹೇಳ್ರಿ.”

ತೊಳೆದಿದ್ದರೆ ಈರುಳ್ಳಿ ಹೋದಂತೆಯೇ. ಅಪ್ಪ ನನ್ನ ಕಡೆ ತಿರುಗಿ, ನಿನ್ನ ಸಾಲಿನ ಲೆಕ್ಕ ಏನಾಯಿತು ಎಂದು ಕೇಳಿದ. ನಾನು ಆಗಷ್ಟೇ ನೋಡಿ ಬಂದಿದ್ದೆ. ಹಳೆಯ ಚುಕ್ಕೆಗಳು ಹಾಗೇ ಇದ್ದವು. ಹೊಸ ಎಲೆಗಳಲ್ಲಿ ಒಂದೂ ಇರಲಿಲ್ಲ. ಹೇಳಿದೆ.

ಔಷಧ ಈರುಳ್ಳಿಯ ಮೇಲೆ ಉಳಿದಿತ್ತು, ಹಾಗಾದರೆ ಮೆಂತ್ಯದ ಮೇಲೂ. ಅವ್ವ ಸೀರೆ ಎತ್ತಿ ಕಟ್ಟಿ ಸಾಲಿಗಿಳಿದು ಮೆಂತ್ಯ ಕೀಳತೊಡಗಿದಳು. ಸೂಡು ಕಟ್ಟಲಿಲ್ಲ. ಪಕ್ಕದ ಹೊಲದವರು ಮೇಕೆಗಾದರೂ ಕೊಡು ಎಂದರೆ ಅದಕ್ಕೂ ಒಪ್ಪಲಿಲ್ಲ. ಕತ್ತಲಾಗುವವರೆಗೆ ನಾವು ಮೂವರೂ ಕಿತ್ತೆವು. ಅಪ್ಪ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದ.

ಮಂಗಳವಾರ ಅವ್ವ ಹಿತ್ತಲಿನ ನಾಲ್ಕು ಹೀರೇಕಾಯಿ ಹಿಡಿದು, ನನ್ನನ್ನೂ ಕರೆದುಕೊಂಡು ಬಿಬವೇವಾಡಿಗೆ ಹೊರಟಳು. ಇಷ್ಟಕ್ಕಾಗಿ ಹೋಗಬೇಕೇ ಎಂದರೆ, ಕಾಯುತ್ತಿರುತ್ತಾರೆ, ಹೇಳಿ ಬರಬೇಕು ಎಂದಳು. ತನಗೆ ಬರುವ ಅಷ್ಟಿಷ್ಟು ಮರಾಠಿಯಲ್ಲಿ ಒಬ್ಬೊಬ್ಬರಿಗೂ ಮಳೆಯಿಂದ ಹಿಡಿದು ಗುಂಡಿಯವರೆಗೆ ಹೇಳಿದಳು. ಕೆಲವರು ಅಯ್ಯೋ ಎಂದರು. ಬಸುರಿ ಸೊಸೆಯ ಅತ್ತೆ ಮಾತ್ರ ಹತ್ತಿರಕ್ಕೆ ಬಗ್ಗಿದಳು. ಆಮೇಲೆ ಕೇಳಿದಳು:

“ಮಾವಶಿ, ಹೋದ ವಾರದ್ದಕ್ಕೂ ಹೊಡೆದಿತ್ತೇನು?”

ಅವಳು ಕೇಳಿದ್ದು ಮರಾಠಿಯಲ್ಲಿ, ಮೆಲ್ಲಗೆ. ಅವ್ವ ಇಲ್ಲ ಎಂದಳು. ನಾನೂ ಇಲ್ಲ ಎಂದೆ. ಹೋದ ವಾರ ಇಡೀ ಮಳೆಯಿತ್ತು, ಔಷಧ ಹೊಡೆಯಲು ಹೊಲಕ್ಕೆ ಯಾರೂ ಇಳಿದಿರಲಿಲ್ಲ ಎಂದು ದಿನ ದಿನದ ಲೆಕ್ಕ ಹೇಳಹೊರಟೆ. ಆಕೆ ತಲೆಯಾಡಿಸಿದಳು, ಪೂರ್ತಿ ಕೇಳಲಿಲ್ಲ. ಎರಡು ಹೆಜ್ಜೆ ಆಚೆ ಇನ್ನೊಬ್ಬನ ಬುಟ್ಟಿಯಿಂದ ಎರಡು ಸೂಡು ಮೆಂತ್ಯ ಆರಿಸಿಕೊಂಡಳು. ಎಲ್ಲಿಯದು, ಏನು ಹೊಡೆದಿದ್ದೀರಿ ಎಂದು ಅವನನ್ನು ಕೇಳಲಿಲ್ಲ.

ಅವ್ವ ಕುಳಿತಲ್ಲಿಂದಲೇ ಕೂಗಿ, ಸೊಸೆಗೆ ಮಾಡಿಕೊಡುವ ಮೊದಲು ಉಪ್ಪುನೀರಿನಲ್ಲಿ ಎರಡು ಸಲ ತೊಳೆಯಿರಿ ಎಂದಳು. ಆಕೆ ತಿರುಗಲಿಲ್ಲ. ಸೊಪ್ಪಿನವನು ಮಾತ್ರ ನಮ್ಮ ಕಡೆ ದುರುಗುಟ್ಟಿ ನೋಡಿ, ತನ್ನ ಬುಟ್ಟಿಯನ್ನು ಇನ್ನಷ್ಟು ಆಚೆಗೆ ಎಳೆದುಕೊಂಡ.